ಜೋಡಿ ಗಾಜಿನ ಕಿಟಕಿ: ತೇವ ಯಾವ ಮುಖದಲ್ಲಿದೆ ಎಂದು ಮೊದಲು ನೋಡಿ

ಮನೆ ಮತ್ತು ನಿರ್ವಹಣೆ: ಓದುಗರ ಪ್ರಶ್ನೆಗಳಿಗೆ ಉತ್ತರ

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಿಂದ ಈ ಬಾರಿ ಬಂದ ಪತ್ರಗಳಲ್ಲಿ ಜೋಡಿ ಗಾಜಿನ ಕಿಟಕಿಗಳನ್ನು ಕುರಿತವೇ ಹೆಚ್ಚಾಗಿದ್ದುದರಿಂದ ಇಡೀ ಅಂಕಣವನ್ನು ಅವುಗಳಿಗೇ ಮೀಸಲಿಟ್ಟಿದ್ದೇನೆ. ಪತ್ರಗಳನ್ನು ಒಟ್ಟಿಗೆ ಇಟ್ಟುಕೊಂಡು ಓದಿದಾಗ ಒಂದು ಸಂಗತಿ ಎದ್ದು ಕಂಡಿತು: ಬಹುತೇಕ ಎಲ್ಲರೂ ಗಾಜನ್ನೇ ದೂರುತ್ತಿದ್ದಾರೆ, ಆದರೆ ಹೆಚ್ಚಿನ ಮನೆಗಳಲ್ಲಿ ತೊಂದರೆ ಇರುವುದು ಗಾಜಿನ ಸುತ್ತಲಿನ ಚೌಕಟ್ಟಿನಲ್ಲಿ, ರಬ್ಬರಿನಲ್ಲಿ, ನೀರು ಹೊರಹೋಗುವ ದಾರಿಯಲ್ಲಿ. ಇವೆಲ್ಲವನ್ನೂ ಸರಿಪಡಿಸಬಹುದು. ಸರಿಪಡಿಸಲಾಗದ ಭಾಗ ಒಂದೇ, ಅದು ಎರಡು ಗಾಜುಗಳ ನಡುವಿನ ಮುಚ್ಚಿದ ಜಾಗ. ಆ ವ್ಯತ್ಯಾಸ ಮನಸ್ಸಿನಲ್ಲಿದ್ದರೆ ಕಿಟಕಿ ಪೂರ್ತಿ ಬದಲಿಸಬೇಕೆಂದು ಯಾರಾದರೂ ಹೇಳಿದ ಕೂಡಲೇ ಒಪ್ಪಿಕೊಳ್ಳುವ ಪ್ರಮೇಯ ಬರುವುದಿಲ್ಲ.

ಪ್ರಶ್ನೆ: ನಂದಿ ಬೆಟ್ಟದ ತಪ್ಪಲಿನಲ್ಲಿ ಏಳು ವರ್ಷದ ಹಿಂದೆ ಕಟ್ಟಿಸಿದ ನಮ್ಮ ಮನೆಯಲ್ಲಿ ಯುಪಿವಿಸಿ (ಗಟ್ಟಿ ಪ್ಲಾಸ್ಟಿಕ್) ಚೌಕಟ್ಟಿನ ಜೋಡಿ ಗಾಜಿನ ಕಿಟಕಿಗಳಿವೆ. ಹೋದ ವರ್ಷದಿಂದ ಎರಡು ಕಿಟಕಿಗಳ ಗಾಜು ಬೆಳಗಿನ ಹೊತ್ತು ಮಂಜು ಮುಸುಕಿದಂತೆ ಕಾಣುತ್ತದೆ. ಒಳಗಿನಿಂದ ಒರೆಸಿದರೂ ಹೋಗುವುದಿಲ್ಲ, ಹೊರಗಿನಿಂದ ಒರೆಸಿದರೂ ಹೋಗುವುದಿಲ್ಲ. ಒಬ್ಬರು ಗಾಜಿಗೆ ಸಣ್ಣ ತೂತು ಕೊರೆದು ಒಣಗಿಸಿಕೊಡುತ್ತೇನೆ ಎನ್ನುತ್ತಾರೆ, ಮತ್ತೊಬ್ಬರು ಇಡೀ ಕಿಟಕಿ ಕಿತ್ತು ಹೊಸದು ಹಾಕಬೇಕು ಎನ್ನುತ್ತಾರೆ. ಯಾರ ಮಾತು ಕೇಳಲಿ?
ನಿವೃತ್ತ ಶಿಕ್ಷಕರು, ಚಿಕ್ಕಬಳ್ಳಾಪುರ

ಉತ್ತರ: ಮೇಷ್ಟ್ರೇ, ಎರಡೂ ಕಡೆಯಿಂದ ಒರೆಸಿದರೂ ಹೋಗುವುದಿಲ್ಲ ಎಂಬ ನಿಮ್ಮ ಒಂದು ವಾಕ್ಯವೇ ರೋಗವನ್ನು ಹೇಳಿಬಿಟ್ಟಿದೆ. ತೇವ ಗಾಜುಗಳ ನಡುವೆ ಇದೆ, ಅಂದರೆ ಅಂಚಿನ ಅಂಟು ಬಿಟ್ಟಿದೆ. ಇಬ್ಬರ ಮಾತನ್ನೂ ಕೇಳಬೇಕಾಗಿಲ್ಲ. ಚೌಕಟ್ಟನ್ನು ಮುಟ್ಟದೆ ಗಾಜಿನ ಜೋಡಿಯನ್ನು ಮಾತ್ರ ಬದಲಿಸಿದರೆ ಸಾಕು.

ಕಾರಣವನ್ನು ಸ್ವಲ್ಪ ವಿವರಿಸುತ್ತೇನೆ, ಏಕೆಂದರೆ ಕಾರಣ ತಿಳಿಯದಿದ್ದರೆ ಹೊಸ ಗಾಜಿಗೂ ಇದೇ ಗತಿಯಾಗಬಹುದು. ನಮ್ಮ ಕಡೆ ಸಾಮಾನ್ಯವಾಗಿ ಹಾಕುವ ಜೋಡಿಯಲ್ಲಿ 5 ಅಥವಾ 6 ಮಿ.ಮೀ. ದಪ್ಪದ ಎರಡು ಗಾಜುಗಳ ನಡುವೆ 12 ಮಿ.ಮೀ. ಅಂತರವಿರುತ್ತದೆ. ಆ ಅಂತರವನ್ನು ಕಾಯುವುದು ಸುತ್ತಲೂ ಕೂರಿಸಿದ ಟೊಳ್ಳಾದ ಅಲ್ಯೂಮಿನಿಯಂ ಪಟ್ಟಿ. ಪಟ್ಟಿಯೊಳಗೆ ತೇವವನ್ನು ಹೀರುವ ಸಣ್ಣ ಹರಳುಗಳನ್ನು ತುಂಬಿರುತ್ತಾರೆ. ಹೊಸ ಚಪ್ಪಲಿಯ ಪೆಟ್ಟಿಗೆಯಲ್ಲಿ ಬರುವ ಪುಟ್ಟ ಪೊಟ್ಟಣದ ಕೆಲಸವನ್ನೇ ಇವು ಇನ್ನೂ ಚೆನ್ನಾಗಿ ಮಾಡುತ್ತವೆ. ಪಟ್ಟಿಗೂ ಗಾಜಿಗೂ ನಡುವೆ ಬ್ಯುಟೈಲ್ ಎಂಬ ಮೆತ್ತನೆಯ ಕಪ್ಪು ಅಂಟು ಇದ್ದು ಆವಿಯನ್ನು ತಡೆಯುತ್ತದೆ, ಅದರ ಹೊರಗೆ ಪಾಲಿಸಲ್ಫೈಡ್ ಅಥವಾ ಸಿಲಿಕೋನಿನ ಎರಡನೆಯ ಅಂಟು ಇಡೀ ಜೋಡಿಯನ್ನು ಬಿಗಿಯಾಗಿ ಹಿಡಿದಿಡುತ್ತದೆ. ಹಗಲಿನ ಬಿಸಿಲಿಗೆ ಒಳಗಿನ ಗಾಳಿ ಹಿಗ್ಗುವುದು, ರಾತ್ರಿಯ ತಂಪಿಗೆ ಕುಗ್ಗುವುದು ವರ್ಷವಿಡೀ ನಡೆಯುವುದರಿಂದ ಅಂಚಿನ ಅಂಟು ದಿನಕ್ಕೊಮ್ಮೆಯಾದರೂ ಎಳೆತಕ್ಕೆ ಸಿಗುತ್ತದೆ. ಕಾಲಕ್ರಮದಲ್ಲಿ ಎಲ್ಲೋ ಒಂದು ಕೂದಲೆಳೆಯಷ್ಟು ಬಿರುಕಾದರೆ ಹೊರಗಿನ ಆವಿ ಒಳಗೆ ಸೇರುತ್ತದೆ, ಹರಳುಗಳು ಹೀರುವಷ್ಟು ಹೀರಿ ತೃಪ್ತವಾದ ಮೇಲೆ ಉಳಿದ ಆವಿ ತಣ್ಣನೆಯ ಗಾಜಿಗೆ ಹನಿಯಾಗಿ ಕೂರುತ್ತದೆ. ಅಂಟಿಗೆ ಎಳೆತಕ್ಕಿಂತಲೂ ದೊಡ್ಡ ಶತ್ರು ನೀರಿನಲ್ಲಿ ನೆನೆದು ನಿಲ್ಲುವುದು. ಗಾಜು ಕೂರುವ ಚೌಕಟ್ಟಿನ ಕೆಳಗಿನ ತೋಡಿನಲ್ಲಿ ನೀರು ನಿಂತು ಗಾಜಿನ ಕೆಳ ಅಂಚು ತಿಂಗಳುಗಟ್ಟಲೆ ಅದರಲ್ಲಿ ಮುಳುಗಿದ್ದರೆ ಬಹಳ ವರ್ಷ ಬಾಳಬೇಕಾದ ಜೋಡಿ ಐದಾರು ವರ್ಷಕ್ಕೇ ಕೆಡುವುದನ್ನು ನಾನು ಕಂಡಿದ್ದೇನೆ.

ತೂತು ಕೊರೆಯುವ ಉಪಾಯವನ್ನು ನಾನು ಒಪ್ಪುವುದಿಲ್ಲ. ಸ್ವಲ್ಪ ದಿನ ಗಾಜು ತಿಳಿಯಾಗಿ ಕಾಣಬಹುದು, ಆದರೆ ಒಳಗಿನ ಹರಳುಗಳು ಹೊಸದಾಗುವುದಿಲ್ಲ, ಬಿಟ್ಟ ಅಂಟು ಕೂಡುವುದಿಲ್ಲ, ಮುಂದಿನ ಮಳೆಗಾಲಕ್ಕೆ ತೇವ ಮರಳಿ ಬರುತ್ತದೆ. ಅದಕ್ಕಿಂತ ಮುಖ್ಯವಾದ ಮಾತೆಂದರೆ, ನಿಮ್ಮದು ಟಫನ್ಡ್ ಗಾಜಾಗಿದ್ದರೆ ಡ್ರಿಲ್ಲಿನ ಮೊನೆ ತಾಗಿದ ಕ್ಷಣದಲ್ಲಿ ಇಡೀ ಗಾಜು ಕಾಳುಕಾಳಾಗಿ ಉದುರುತ್ತದೆ. ಆ ಗಾಜನ್ನು 600 ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚು ಕಾಯಿಸಿ ರಭಸದ ಗಾಳಿಯಿಂದ ತಟಕ್ಕನೆ ತಣಿಸಿರುತ್ತಾರೆ. ಹೊರಮೈ ಬಿಗಿದುಕೊಂಡಿರುವ ಅದನ್ನು ಆಮೇಲೆ ಕತ್ತರಿಸುವುದಾಗಲಿ ಕೊರೆಯುವುದಾಗಲಿ ಸಾಧ್ಯವಿಲ್ಲ. ಗಾಜಿನ ಒಂದು ಮೂಲೆಯಲ್ಲಿ ಅಳಿಸಲಾಗದ ಸಣ್ಣ ಮುದ್ರೆ ಇದ್ದರೆ ಅದು ಸಾಮಾನ್ಯವಾಗಿ ಟಫನ್ಡ್ ಎಂಬುದರ ಗುರುತು.

ಈಗ ಬದಲಿಸುವ ಕೆಲಸ. ಗಾಜನ್ನು ಚೌಕಟ್ಟಿನಲ್ಲಿ ಹಿಡಿದಿಟ್ಟಿರುವುದು ಸುತ್ತಲಿನ ನಾಲ್ಕು ಬೀಡಿಂಗ್ ಪಟ್ಟಿಗಳು. ಅಗಲವಾದ ಪುಟ್ಟಿ ಪಟ್ಟಿಯನ್ನು ಅತಿ ಉದ್ದದ ಬೀಡಿಂಗಿನ ನಟ್ಟನಡುವೆ ತೂರಿಸಿ ಮೆಲ್ಲನೆ ಮೀಟಿದರೆ ಅದು ಬಿಲ್ಲಿನಂತೆ ಬಾಗಿ ಹೊರಬರುತ್ತದೆ. ಮೂಲೆಯಿಂದ ಮೀಟಿದರೆ ಯುಪಿವಿಸಿ ಸೀಳುತ್ತದೆ. ಬಿಚ್ಚಿದ ಪಟ್ಟಿಗಳ ಹಿಂಬದಿಯಲ್ಲಿ ಮೇಲೆ, ಕೆಳಗೆ, ಎಡ, ಬಲ ಎಂದು ಪೆನ್ಸಿಲಿನಲ್ಲಿ ಬರೆದಿಡಿ. ಒಂದು ಚದರ ಮೀಟರಿನ ಗಾಜು ಪ್ರತಿ ಮಿಲಿಮೀಟರ್ ದಪ್ಪಕ್ಕೆ ಎರಡೂವರೆ ಕಿಲೋ ತೂಗುತ್ತದೆ, ಆದ್ದರಿಂದ 5 ಮಿ.ಮೀ.ನ ಎರಡು ಗಾಜುಗಳ ಜೋಡಿ ಚದರ ಮೀಟರಿಗೆ 25 ಕಿಲೋ. ಇಬ್ಬರಿಲ್ಲದೆ, ದಪ್ಪ ಕೈಗವಸು ಇಲ್ಲದೆ ಎತ್ತಬೇಡಿ. ಮಹಡಿಯ ಕಿಟಕಿಯಾದರೆ ದಯವಿಟ್ಟು ಕೆಲಸ ಬಲ್ಲವರಿಗೇ ಬಿಡಿ.

ಅಳತೆ ಕೊಡುವಾಗ ಕಣ್ಣಿಗೆ ಕಾಣುವ ಗಾಜಿನ ಅಳತೆ ಕೊಟ್ಟು ಮೋಸಹೋಗುವವರು ಬಹಳ. ಬೀಡಿಂಗ್ ಬಿಚ್ಚಿ ಗಾಜು ಕೂರುವ ಜಾಗದ ಅಗಲವನ್ನೂ ಎತ್ತರವನ್ನೂ ಮೂರು ಮೂರು ಕಡೆ ಅಳೆದು, ಅತಿ ಕಡಿಮೆ ಬಂದ ಅಳತೆಯಿಂದ ಎರಡೂ ಬದಿಗೆ ಸೇರಿ 8ರಿಂದ 10 ಮಿ.ಮೀ. ಕಳೆದು ಬರೆಯಿರಿ. ಗಾಜಿನ ದಪ್ಪ, ನಡುವಿನ ಅಂತರ, ಒಟ್ಟು ದಪ್ಪ ಮೂರನ್ನೂ ಹೇಳಬೇಕು. ಹಳೆಯ ಗಾಜಿಗೆ ಬಿಸಿಯನ್ನು ತಡೆಯುವ ಲೇಪನವಿತ್ತೇ ಎಂದು ತಿಳಿಯಲು ಕತ್ತಲಾದ ಮೇಲೆ ಒಂದು ಮೇಣದ ಬತ್ತಿಯನ್ನು ಗಾಜಿನ ಮುಂದೆ ಹಿಡಿಯಿರಿ. ಎರಡು ಗಾಜಿನ ನಾಲ್ಕು ಮುಖಗಳಿಂದ ನಾಲ್ಕು ಪ್ರತಿಬಿಂಬಗಳು ಕಾಣುತ್ತವೆ. ಅವುಗಳಲ್ಲಿ ಒಂದರ ಬಣ್ಣ ಬೇರೆಯಾಗಿದ್ದರೆ ಆ ಮುಖಕ್ಕೆ ಲೇಪನವಿದೆ, ಹೊಸದರಲ್ಲಿಯೂ ಅದೇ ಮುಖಕ್ಕೆ ಅದನ್ನು ಕೇಳಬೇಕು. ನಡುವಿನ ಅಲ್ಯೂಮಿನಿಯಂ ಪಟ್ಟಿಯ ಮೇಲೆ ತಯಾರಕರ ಹೆಸರು, ತಯಾರಾದ ತಿಂಗಳು ಅಚ್ಚಾಗಿರುವುದುಂಟು. ಅದನ್ನು ಬಿಲ್ಲಿನೊಂದಿಗೆ ಇಟ್ಟು ನೋಡಿ, ಖಾತರಿಯ ಅವಧಿ ಇನ್ನೂ ಮುಗಿಯದೆ ಇರಬಹುದು.

ನಿಮ್ಮ ಊರಿನವರು ಇನ್ನೊಂದು ಮಾತನ್ನು ಕೇಳಿ ತಿಳಿಯುವುದು ಒಳ್ಳೆಯದು: ಗಾಜಿನ ಜೋಡಿಯನ್ನು ಯಾವ ಊರಿನಲ್ಲಿ ಮುಚ್ಚಿದ್ದಾರೆ? ಚಿಕ್ಕಬಳ್ಳಾಪುರ ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿಯ ಗಾಳಿಯ ಒತ್ತಡ ಚೆನ್ನೈಗಿಂತ ನೂರಕ್ಕೆ ಸುಮಾರು 10ರಷ್ಟು ಕಡಿಮೆ. ಕಡಲತೀರದ ಊರಿನಲ್ಲಿ ಮುಚ್ಚಿದ ಜೋಡಿಯನ್ನು ಇಲ್ಲಿಗೆ ತಂದರೆ ಒಳಗಿನ ಗಾಳಿ ಗಾಜನ್ನು ಹೊರಕ್ಕೆ ದೂಡುತ್ತಲೇ ಇರುತ್ತದೆ, ಅಂಟಿಗೆ ಮೊದಲ ದಿನದಿಂದಲೇ ಭಾರ. ಹೆಚ್ಚುಕಡಿಮೆ ಇದೇ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಮುಚ್ಚಿದ ಜೋಡಿಗೆ ಈ ತೊಂದರೆಯಿಲ್ಲ. 1,478 ಮೀಟರ್ ಎತ್ತರದ ನಂದಿ ಬೆಟ್ಟದ ಮೇಲೆಯೇ ಹಾಕಿಸುವುದಾದರೆ ಇದನ್ನು ಮುಂಚಿತವಾಗಿ ತಯಾರಕರಿಗೆ ತಿಳಿಸಲೇಬೇಕು.

ಹೊಸ ಜೋಡಿಯನ್ನು ಕೂರಿಸುವಾಗ ಕೆಳಗಿನ ಪ್ಲಾಸ್ಟಿಕ್ ಬಿಲ್ಲೆಗಳನ್ನು ಮೊದಲಿದ್ದ ಜಾಗದಲ್ಲೇ ಇಡಿಸಿ, ಗಾಜು ನೇರವಾಗಿ ಚೌಕಟ್ಟಿನ ತಳವನ್ನು ಮುಟ್ಟಬಾರದು. ಎಲ್ಲಿಯಾದರೂ ಸಿಲಿಕೋನ್ ಹಚ್ಚಬೇಕಾದರೆ ವಿನೆಗರಿನ ಘಾಟು ಬರುವ ಅಗ್ಗದ ಬಗೆ ಬೇಡ. ಅದರಿಂದ ಹೊರಬರುವ ಆಮ್ಲ ಅಂಚಿನ ಅಂಟನ್ನು ಕೆಡಿಸುತ್ತದೆ. ನ್ಯೂಟ್ರಲ್ ಸಿಲಿಕೋನ್ ಎಂದೇ ಕೇಳಿ ತನ್ನಿ. ಇನ್ನು ಆತುರವೇನೂ ಇಲ್ಲ. ಮಂಜು ಮುಸುಕಿದ ಗಾಜಿನಿಂದ ಮನೆಗೆ ಕೇಡಿಲ್ಲ, ಹಣದ ಅನುಕೂಲ ನೋಡಿಕೊಂಡು ಮಳೆ ಕಳೆದ ಮೇಲೆ ಮಾಡಿಸಬಹುದು.

ಪ್ರಶ್ನೆ: ಡಿಸೆಂಬರ್ ತಿಂಗಳಿನಲ್ಲಿ ನಮ್ಮ ಹೊಸ ಕಿಟಕಿಯ ಹೊರಮೈ ಪೂರ್ತಿ ಇಬ್ಬನಿಯಿಂದ ತೊಯ್ದಿರುತ್ತದೆ. ಪಕ್ಕದ ಮನೆಯ ಒಂಟಿ ಗಾಜಿನ ಕಿಟಕಿಗೆ ಹೀಗಾಗುವುದಿಲ್ಲ. ಗಾಜು ಕಳಪೆಯೇ?
ಗೃಹಿಣಿ, ಗೌರಿಬಿದನೂರು

ಉತ್ತರ: ಇಲ್ಲಮ್ಮ, ಗಾಜು ಚೆನ್ನಾಗಿದೆ. ಮನೆಯೊಳಗಿನ ಬೆಚ್ಚಗಿನ ಗಾಳಿಯ ಶಾಖ ಹೊರಗಿನ ಗಾಜನ್ನು ಮುಟ್ಟದಿರುವುದರಿಂದ ಅದು ಬಯಲಿನ ಹುಲ್ಲಿನಷ್ಟೇ ತಣ್ಣಗಾಗಿ ಇಬ್ಬನಿ ಹಿಡಿಯುತ್ತದೆ. ಪಕ್ಕದ ಮನೆಯ ಒಂಟಿ ಗಾಜು ಒಳಗಿನ ಶಾಖವನ್ನು ಹೊರಕ್ಕೆ ಬಿಟ್ಟುಕೊಟ್ಟು ತಾನು ಬೆಚ್ಚಗಿರುತ್ತದೆ. ಬಿಸಿಲೇರಿದಂತೆ ಇಬ್ಬನಿ ತಾನಾಗಿ ಆರುತ್ತದೆ. ಗಾಜಿನ ಒಳಮೈಯಲ್ಲಿ, ಅಡುಗೆಮನೆಯ ಅಥವಾ ಬಚ್ಚಲಿನ ಕಡೆ ಹನಿ ಕಟ್ಟಿದರೆ ಮಾತ್ರ ಅದು ಮನೆಯ ತೇವದ ಲಕ್ಷಣ. ಅಲ್ಲಿ ಗಾಳಿ ಆಡಲು ದಾರಿ ಮಾಡಿಕೊಡಬೇಕು, ಗಾಜು ಬದಲಿಸುವುದಲ್ಲ.

ಪ್ರಶ್ನೆ: ನಮ್ಮ ಮನೆ ಕ್ಯಾತ್ಸಂದ್ರದ ಬಳಿ ಹೆದ್ದಾರಿಗೆ ಹತ್ತಿರದಲ್ಲಿದೆ. ರಾತ್ರಿಯಿಡೀ ಓಡುವ ಲಾರಿಗಳ ಸದ್ದಿಗೆ ನಮ್ಮ ತಂದೆಯವರಿಗೆ ನಿದ್ದೆಯಿಲ್ಲದೆ ಸಾಕಷ್ಟು ಖರ್ಚು ಮಾಡಿ ಸ್ಲೈಡಿಂಗ್ ಬಗೆಯ ಜೋಡಿ ಗಾಜಿನ ಕಿಟಕಿ ಹಾಕಿಸಿದೆವು. ಸದ್ದು ಅಷ್ಟೇನೂ ಕಡಿಮೆಯಾಗಿಲ್ಲ. ನಾವು ಮೋಸಹೋದೆವೇ?
ಬ್ಯಾಂಕ್ ನೌಕರರು, ತುಮಕೂರು

ಉತ್ತರ: ಮೋಸ ಎನ್ನುವುದಕ್ಕಿಂತ ತಪ್ಪು ಸಲಹೆ ಎನ್ನಬಹುದು. ಜೋಡಿ ಗಾಜು ಮೂಲತಃ ಶಾಖವನ್ನು ತಡೆಯಲು ಹುಟ್ಟಿದ್ದು. ಒಂಟಿ 6 ಮಿ.ಮೀ. ಗಾಜಿನ ಪ್ರತಿ ಚದರ ಮೀಟರಿನ ಮೂಲಕ, ಒಳಗೂ ಹೊರಗೂ ಒಂದು ಡಿಗ್ರಿ ವ್ಯತ್ಯಾಸವಿದ್ದಾಗ ಸುಮಾರು 5.7 ವ್ಯಾಟ್ ಶಾಖ ದಾಟಿದರೆ, 12 ಮಿ.ಮೀ. ಅಂತರದ ಜೋಡಿಯಲ್ಲಿ ಅದು 2.8ಕ್ಕೆ ಇಳಿಯುತ್ತದೆ. ಸದ್ದಿನ ಲೆಕ್ಕ ಬೇರೆ. ಸಮ ದಪ್ಪದ ಎರಡು ತೆಳು ಗಾಜುಗಳೂ ನಡುವಿನ ಗಾಳಿಯೂ ಸೇರಿ ಸ್ಪ್ರಿಂಗಿನಂತೆ ವರ್ತಿಸುತ್ತವೆ. 5-12-5ರ ಜೋಡಿ (5 ಮಿ.ಮೀ. ಗಾಜು, 12 ಮಿ.ಮೀ. ಅಂತರ, 5 ಮಿ.ಮೀ. ಗಾಜು) ಸೆಕೆಂಡಿಗೆ 200ರ ಆಸುಪಾಸಿನ ಕಂಪನಗಳಿಗೆ ತಾನೂ ಕಂಪಿಸಿ ಅವನ್ನು ಒಳಗೆ ಬಿಡುತ್ತದೆ. ಲಾರಿಯ ಇಂಜಿನ್ನಿನ ಗುಡುಗು ಇರುವುದು ಆ ಕೆಳದನಿಯ ಹರವಿನಲ್ಲೇ. ಹಾರನ್ನಿನ ಕೀರಲು ಸ್ವಲ್ಪ ತಗ್ಗಿರಬಹುದು, ಗುಡುಗು ತಗ್ಗಿರಲಾರದು.

ಆದರೆ ಗಾಜಿನ ಮೇಲೆ ಇನ್ನಷ್ಟು ಹಣ ಸುರಿಯುವ ಮುನ್ನ ಗಾಳಿ ನುಸುಳುವ ಸಂದುಗಳನ್ನು ಹುಡುಕಿ. ಗಾಳಿ ಹೋಗುವಲ್ಲೆಲ್ಲ ಸದ್ದು ಹೋಗುತ್ತದೆ. ಹೊರಗೆ ಗಾಳಿ ಬೀಸುವ ದಿನ ಫ್ಯಾನು ನಿಲ್ಲಿಸಿ, ಕಿಟಕಿ ಮುಚ್ಚಿ, ಹಚ್ಚಿದ ಊದುಬತ್ತಿಯನ್ನು ಚೌಕಟ್ಟಿನ ಸುತ್ತ ನಿಧಾನವಾಗಿ ಸಾಗಿಸಿ. ಹೊಗೆ ಎಲ್ಲಿ ಬೆದರಿ ಓಡುತ್ತದೋ ಅಲ್ಲಿ ಗುರುತು ಹಾಕಿ. ಸ್ಲೈಡಿಂಗ್ ಕಿಟಕಿಯಲ್ಲಿ ಎರಡು ಬಾಗಿಲುಗಳು ನಡುವೆ ಸಂಧಿಸುವ ಕಡೆ ಮತ್ತು ಟ್ರ್ಯಾಕಿನ ಉದ್ದಕ್ಕೂ ಇರುವ ಬ್ರಷ್ ಪಟ್ಟಿಗಳು ಹೆದ್ದಾರಿಯ ಧೂಳಿಗೆ ಬೇಗ ಮಲಗಿಬಿಡುತ್ತವೆ. ಅವನ್ನು ಕೂತ ತೋಡಿನಿಂದ ಎಳೆದು ಅದೇ ಅಗಲದ, ಅದೇ ಎತ್ತರದ ಹೊಸ ಪಟ್ಟಿ ತೂರಿಸಬಹುದು, ದುಬಾರಿಯಲ್ಲ. ಹೊಗೆ ಗೋಡೆಗೂ ಚೌಕಟ್ಟಿಗೂ ನಡುವೆ ಓಡಿದರೆ ಕಿಟಕಿ ಕೂರಿಸಿದವರು ಅಲ್ಲಿ ಫೋಮನ್ನು ಪೂರ್ತಿ ತುಂಬದೆ ಮೇಲೆ ಬರೀ ಗಾರೆ ಬಳಿದಿದ್ದಾರೆ ಎಂದರ್ಥ; ಗಾರೆಯನ್ನು ಕೆದಕಿ, ಸಂದನ್ನು ತುಂಬಿ, ಹೊರಗಡೆ ನ್ಯೂಟ್ರಲ್ ಸಿಲಿಕೋನ್ ಎಳೆಸಿ.

ಇಷ್ಟು ಮಾಡಿದ ಮೇಲೂ ತಂದೆಯವರಿಗೆ ನಿದ್ದೆ ಬಾರದಿದ್ದರೆ ಅವರ ಕೋಣೆಯೊಂದಕ್ಕೆ ಮಾತ್ರ ಒಳಗಡೆಯಿಂದ ಇನ್ನೊಂದು ಕಿಟಕಿ ಹಾಕಿಸಿ, ಈಗಿನದಕ್ಕೂ ಅದಕ್ಕೂ 100 ಮಿ.ಮೀ. ಅಂತರವಿರಲಿ. ಆ ಕಿಟಕಿ ತೆರೆಯುವ ಬಾಗಿಲಿನದಾಗಿದ್ದು ರಬ್ಬರಿನ ಮೇಲೆ ಒತ್ತಿ ಮುಚ್ಚಿಕೊಳ್ಳಬೇಕು, ಗಾಜು ನಡುವೆ ಪ್ಲಾಸ್ಟಿಕ್ ಪದರವಿರುವ ಲ್ಯಾಮಿನೇಟೆಡ್ ಬಗೆಯದಾಗಿದ್ದು ಹೊರಗಿನದಕ್ಕಿಂತ ಬೇರೆ ದಪ್ಪದ್ದಾಗಿರಬೇಕು. ಅಂತರ ಹೆಚ್ಚಿದಂತೆ ಗಾಜುಗಳು ಕಂಪಿಸುವ ದನಿ ಲಾರಿಯ ಗುಡುಗಿಗಿಂತ ಕೆಳಕ್ಕೆ ಇಳಿಯುತ್ತದೆ. ಸದ್ದಿಗಾಗಿ ಮೂರು ಗಾಜು ಹಾಕಿಸಿಕೊಳ್ಳಿ ಎಂದು ಯಾರಾದರೂ ಹೇಳಿದರೆ, ನಡುವಿನ ಅಂತರ ಕಿರಿದಾಗಿಯೇ ಉಳಿಯುವುದರಿಂದ ಬೇಡವೆನ್ನಿ.

ಪ್ರಶ್ನೆ: ಜೋರು ಮಳೆ ಬಂದಾಗ ನಮ್ಮ ಸ್ಲೈಡಿಂಗ್ ಕಿಟಕಿಯ ಟ್ರ್ಯಾಕ್ ತುಂಬಿ ನೀರು ಹಾಸಿಗೆಯ ಮೇಲೆ ಹರಿಯುತ್ತದೆ. ಮೊದಲು ಹೀಗಾಗುತ್ತಿರಲಿಲ್ಲ. ಹೊರಗಿನ ಸಣ್ಣ ತೂತುಗಳಿಂದ ಇರುವೆ ಬರುತ್ತವೆಂದು ಹೋದ ಬೇಸಿಗೆಯಲ್ಲಿ ಅವನ್ನು ಸಿಲಿಕೋನ್‌ನಿಂದ ಮುಚ್ಚಿಸಿದ್ದೆವು.
ಅಂಗಡಿ ಮಾಲೀಕರು, ಗುಬ್ಬಿ

ಉತ್ತರ: ಪ್ರಶ್ನೆಯಲ್ಲೇ ಉತ್ತರವಿದೆ. ಆ ತೂತುಗಳು ಕಿಟಕಿಯ ಮೋರಿ. ಮಳೆಯ ನೀರು ಟ್ರ್ಯಾಕಿಗೆ ಬೀಳಬಾರದೆಂದು ಯಾವ ಕಿಟಕಿಯನ್ನೂ ಮಾಡಿರುವುದಿಲ್ಲ. ಬಿದ್ದ ನೀರು ಚೌಕಟ್ಟಿನೊಳಗಿನ ಟೊಳ್ಳಿನ ಮೂಲಕ ಇಳಿದು ಹೊರಗಿನ ತೂತಿನಿಂದ ಹೋಗಬೇಕೆಂದೇ ಮಾಡಿರುತ್ತಾರೆ. ಮೋರಿ ಮುಚ್ಚಿದಾಗ ಹಾಸಿಗೆ ತೊಯ್ಯುವುದು ಕಣ್ಣಿಗೆ ಕಾಣುವ ನಷ್ಟ. ಗಾಜಿನ ಕೆಳ ಅಂಚು ನೀರಿನಲ್ಲಿ ನೆನೆಯುವುದು ಕಾಣದ ನಷ್ಟ, ಚಿಕ್ಕಬಳ್ಳಾಪುರದ ಮೇಷ್ಟ್ರ ಕಿಟಕಿಗೆ ಬಂದ ತೊಂದರೆ ನಿಮಗೂ ಬರುವುದು ಹೀಗೆಯೇ.

ಮುಚ್ಚಿದ ಸಿಲಿಕೋನನ್ನು ಪ್ಲಾಸ್ಟಿಕ್ಕಿನ ಚೂಪು ಪಟ್ಟಿಯಿಂದ ಕೆದಕಿ ತೆಗೆಯಿರಿ, ಥಿನ್ನರ್ ಹಾಕಬೇಡಿ, ಅದು ಯುಪಿವಿಸಿಯ ಹೊಳಪನ್ನು ತಿನ್ನುತ್ತದೆ. ಅನಂತರ ಟ್ರ್ಯಾಕಿನ ಧೂಳನ್ನು ಒಣಗಿದ್ದಾಗಲೇ ಬ್ರಷ್ಷಿನಿಂದ ಸಡಿಲಿಸಿ ವ್ಯಾಕ್ಯೂಮಿನಿಂದ ಎಳೆಸಬೇಕು. ಮೊದಲೇ ನೀರು ಸುರಿದರೆ ಧೂಳು ಕೆಸರಾಗಿ ತೂತಿನೊಳಗೇ ಗಟ್ಟಿಯಾಗುತ್ತದೆ. ತೂತನ್ನು ಬಿಡಿಸಲು ತೆಂಗಿನ ಪೊರಕೆಯ ಕಡ್ಡಿಗಿಂತ ಒಳ್ಳೆಯ ಸಾಧನವಿಲ್ಲ: ಬಾಗುತ್ತದೆ, ಒಳಗಿನ ರಬ್ಬರನ್ನು ಹರಿಯುವುದಿಲ್ಲ. ಕುಂಬಾರ ಹುಳು ಮಣ್ಣಿನ ಗೂಡು ಕಟ್ಟಿದ್ದರೆ ಹೊರಗಿನಿಂದ ಕೆದಕಬೇಕಾಗುತ್ತದೆ. ಕೊನೆಗೆ ಒಂದು ಚೊಂಬು ನೀರನ್ನು ಟ್ರ್ಯಾಕಿಗೆ ಹುಯ್ದು ಹೊರಗೆ ನಿಂತು ನೋಡಿ, ಕೆಲವು ಕ್ಷಣಗಳಲ್ಲಿ ಹೊರಗೆ ಸುರಿಯಬೇಕು. ಸೆಪ್ಟೆಂಬರ್, ಅಕ್ಟೋಬರ್‌ನ ಮಳೆ ನಮ್ಮ ಜಿಲ್ಲೆಗಳಿಗೆ ದೊಡ್ಡದು, ಆದ್ದರಿಂದ ಆಗಸ್ಟ್ ಕೊನೆಯಲ್ಲೊಮ್ಮೆ ಈ ಪರೀಕ್ಷೆ ಮಾಡಿಕೊಳ್ಳಿ. ಇರುವೆಗಾಗಿ ತೂತಿನ ಮೇಲೆ ಕೂರಿಸುವ, ಒಳಗೆ ತೂಗುವ ರೆಕ್ಕೆಯಿರುವ ಪ್ಲಾಸ್ಟಿಕ್ ಮುಚ್ಚಳಗಳು ಸಿಗುತ್ತವೆ. ನೀರು ತಳ್ಳಿಕೊಂಡು ಹೊರಗೆ ಹೋಗುತ್ತದೆ, ಇರುವೆ ಒಳಗೆ ಬರುವುದು ಬಹಳ ಮಟ್ಟಿಗೆ ತಪ್ಪುತ್ತದೆ.

ಪ್ರಶ್ನೆ: ನಮ್ಮದು ಸಾವಿರ ಅಡಿ ದಾಟಿದ ಕೊಳವೆಬಾವಿಯ ನೀರು. ಕಿಟಕಿ ತೊಳೆದಷ್ಟೂ ಗಾಜಿನ ಮೇಲೆ ಬಿಳಿ ಕಲೆ ಹೆಚ್ಚುತ್ತಿದೆ. ಬಚ್ಚಲಿಗೆ ಹಾಕುವ ಆ್ಯಸಿಡ್ ಬಳಸಬಹುದೇ?
ರೇಷ್ಮೆ ಕೃಷಿಕರು, ಶ್ರೀನಿವಾಸಪುರ

ಉತ್ತರ: ಬೇಡವೇ ಬೇಡ. ಆ ಆ್ಯಸಿಡ್ಡಿನ ಹೊಗೆ ಕಿಟಕಿಯ ಉಕ್ಕಿನ ತೋಳುಗಳನ್ನೂ ತಿರುಪುಗಳನ್ನೂ ತುಕ್ಕು ಹಿಡಿಸುತ್ತದೆ, ಅಲ್ಯೂಮಿನಿಯಂ ಭಾಗಗಳನ್ನು ತಿನ್ನುತ್ತದೆ, ನಿಮ್ಮ ಕಣ್ಣಿಗೂ ಉಸಿರಿಗೂ ಅಪಾಯ. ಗಾಜಿನ ಮೇಲಿನ ಬಿಳಿ ಕಲೆ ಗಡಸು ನೀರು ಆರಿದಾಗ ಉಳಿಯುವ ಸುಣ್ಣದ ಅಂಶ. ಬಿಳಿ ವಿನೆಗರಿಗೆ ಅಷ್ಟೇ ನೀರು ಬೆರೆಸಿ, ಬಟ್ಟೆಯನ್ನು ಅದರಲ್ಲಿ ಅದ್ದಿ ಹಿಂಡಿ, ನೆರಳಿರುವ ಹೊತ್ತಿನಲ್ಲಿ ಕಲೆಯ ಮೇಲೆ ಹತ್ತು ನಿಮಿಷ ಹಚ್ಚಿಡಿ, ಆಮೇಲೆ ಮೆತ್ತನೆಯ ಬಟ್ಟೆಯಿಂದ ಉಜ್ಜಿ ಒಳ್ಳೆಯ ನೀರಿನಿಂದ ತೊಳೆಯಿರಿ. ಕಿಟಕಿಯ ಕೆಳಗೆ ಕಡಪ ಕಲ್ಲು ಅಥವಾ ಅಮೃತಶಿಲೆ ಹಾಸಿದ್ದರೆ ಮೊದಲು ಅದನ್ನು ಮುಚ್ಚಬೇಕು. ಅವು ಸುಣ್ಣದ ಜಾತಿಯ ಕಲ್ಲುಗಳು, ವಿನೆಗರಿನ ಹನಿ ಬಿದ್ದಲ್ಲಿ ಹೊಳಪು ಹೋಗಿ ಮಚ್ಚೆಯಾಗುತ್ತದೆ. ಗ್ರಾನೈಟಿಗೆ ಆ ಭಯವಿಲ್ಲ. ಪಾತ್ರೆ ತಿಕ್ಕುವ ಸ್ಟೀಲ್ ನಾರು, ಬ್ಲೇಡು ಎರಡನ್ನೂ ದೂರವಿಡಿ.

ಕೋಲಾರದ ಕಡೆಯ ಮನೆಗಳಲ್ಲಿ ನಾನು ಕಂಡ ಒಂದು ಅಭ್ಯಾಸವನ್ನು ಇಲ್ಲಿ ಹೇಳಲೇಬೇಕು. ಆರ್‌ಒ ಯಂತ್ರ ಹೊರಹಾಕುವ ನೀರು ವ್ಯರ್ಥವಾಗಬಾರದೆಂದು ಅದನ್ನು ಹಿಡಿದು ಕಿಟಕಿ ತೊಳೆಯುತ್ತಾರೆ. ನೀರಿನ ಬಗೆಗಿನ ಆ ಕಾಳಜಿ ದೊಡ್ಡದು, ಆದರೆ ಆ ನೀರಿನಲ್ಲಿ ಕೊಳವೆಬಾವಿಯ ನೀರಿಗಿಂತ ಹೆಚ್ಚಿನ ಲವಣವಿರುತ್ತದೆ. ಅದು ನೆಲ ಸಾರಿಸಲು ಆಗಲಿ. ಗಾಜಿಗೆ ಡ್ರಮ್ಮಿನಲ್ಲಿ ಹಿಡಿದಿಟ್ಟ ಮಳೆನೀರು ಅರ್ಧ ಬಕೆಟ್ ಸಾಕು, ಅದರಲ್ಲಿ ಗಡಸುತನವೇ ಇಲ್ಲ. ಒಂದು ಹನಿ ಪಾತ್ರೆಯ ಸೋಪು ಬೆರೆಸಿ ಒರೆಸಿ, ರಬ್ಬರ್ ಪಟ್ಟಿಯಿಂದ ನೀರನ್ನು ಎಳೆದುಬಿಟ್ಟರೆ ಗಾಜಿನ ಮೇಲೆ ಆರಿ ಕಲೆಯಾಗಲು ಏನೂ ಉಳಿಯುವುದಿಲ್ಲ. ಕಾರು ತೊಳೆಯುವ ಜೋರು ಪೈಪನ್ನು ಗಾಜಿನ ಅಂಚಿಗೆ ಹಿಡಿಯಬೇಡಿ, ರಬ್ಬರನ್ನು ಎಬ್ಬಿಸಿ ನೀರು ಒಳಗೆ ನುಗ್ಗುತ್ತದೆ.

ಪ್ರಶ್ನೆ: ಪಶ್ಚಿಮಕ್ಕಿರುವ ಕೋಣೆ ಸಂಜೆ ಒಲೆಯಂತೆ ಕಾಯುತ್ತದೆ. ಜೋಡಿ ಗಾಜಿದ್ದರೂ ಹೀಗೇಕೆ? ಒಳಗಿನಿಂದ ಕಪ್ಪು ಫಿಲ್ಮ್ ಅಂಟಿಸಲೇ?
ಎಂಜಿನಿಯರಿಂಗ್ ವಿದ್ಯಾರ್ಥಿನಿ, ಬಂಗಾರಪೇಟೆ

ಉತ್ತರ: ನೇರ ಬಿಸಿಲು ಬೇರೆ, ಬಿಸಿ ಗಾಳಿ ಬೇರೆ. ಲೇಪನವಿಲ್ಲದ ತಿಳಿ ಗಾಜಿನ ಜೋಡಿ ತನ್ನ ಮೇಲೆ ಬಿದ್ದ ಬಿಸಿಲಿನ ಶಾಖದಲ್ಲಿ ನೂರಕ್ಕೆ 70ಕ್ಕೂ ಹೆಚ್ಚನ್ನು ಒಳಗೆ ಬಿಡುತ್ತದೆ. ಕಪ್ಪು ಫಿಲ್ಮ್ ಅಂಟಿಸಿದರೆ ಒಳಗಿನ ಗಾಜು ಶಾಖ ಹೀರಿ ಕಾಯುತ್ತದೆ, ಹಿಂದೆ ಗಾಳಿಯ ಪದರವಿರುವುದರಿಂದ ಆ ಶಾಖ ಹೊರಗೆ ಹೋಗಲು ದಾರಿಯಿಲ್ಲ, ಚೌಕಟ್ಟಿನ ನೆರಳಿನಲ್ಲಿರುವ ಅಂಚು ಮಾತ್ರ ತಣ್ಣಗೆ ಉಳಿಯುತ್ತದೆ. ಟಫನ್ಡ್ ಅಲ್ಲದ ಗಾಜಾದರೆ ಅಂಚಿನಿಂದ ನೇರವಾಗಿ ಹೊರಟು ಆಮೇಲೆ ಡೊಂಕಾಗಿ ಸಾಗುವ ಬಿರುಕು ಒಂದು ಸಂಜೆ ಕಾಣಿಸಿಕೊಳ್ಳುತ್ತದೆ. ಗಾಜಿನ ತಯಾರಕರು ಲಿಖಿತವಾಗಿ ಒಪ್ಪಿದ ಫಿಲ್ಮ್ ಅಲ್ಲದೆ ಬೇರೇನನ್ನೂ ಅಂಟಿಸಬೇಡಿ. ಬಿಸಿಲನ್ನು ಗಾಜಿಗೆ ತಾಗುವ ಮೊದಲೇ ತಡೆಯುವುದು ಸರಿಯಾದ ಉಪಾಯ: ಹೊರಗಡೆ ಬಿದಿರಿನ ತಟ್ಟಿ, ಜಾಗವಿದ್ದರೆ ಒಂದು ಹೊಂಗೆ ಮರ. ಸಂಜೆಯ ಸೂರ್ಯ ಕೆಳಗಿಳಿದು ಬರುವುದರಿಂದ ಪಶ್ಚಿಮದ ಕಿಟಕಿಗೆ ಮೇಲಿನ ಸಜ್ಜ ಹೆಚ್ಚು ನೆರವಾಗದು, ತಟ್ಟಿಯೇ ಬೇಕು.

ಪ್ರಶ್ನೆ: ಕಿಟಕಿಯ ಹಿಡಿ ತಿರುಗಿಸಲು ಬಹಳ ಬಿಗಿ. ಕೊಬ್ಬರಿ ಎಣ್ಣೆ ಬಿಟ್ಟರೆ ಸ್ವಲ್ಪ ದಿನ ಸರಿಯಾಗಿ ಮತ್ತೆ ಬಿಗಿಯುತ್ತದೆ.
ತೆಂಗು ಬೆಳೆಗಾರರು, ತಿಪಟೂರು

ಉತ್ತರ: ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ, ಧೂಳನ್ನು ಹಿಡಿದು ಅಂಟಾಗುತ್ತದೆ. ಕಿಟಕಿಯ ಬಾಗಿಲನ್ನು ತೆರೆದಿಟ್ಟು ಹಿಡಿಯನ್ನು ತಿರುಗಿಸಿ ನೋಡಿ. ಆಗಲೂ ಬಿಗಿಯಾಗಿದ್ದರೆ ಒಳಗಿನ ಬೀಗದ ಪಟ್ಟಿ ಒಣಗಿದೆ; ಹಳೆಯ ಎಣ್ಣೆಯನ್ನು ಒರೆಸಿ ಹೊಲಿಗೆ ಯಂತ್ರದ ಎಣ್ಣೆ ಎರಡು ಹನಿ ಬಿಡಿ, ರಬ್ಬರಿಗೆ ಮಾತ್ರ ಅದನ್ನು ತಾಗಿಸದೆ ಸಿಲಿಕೋನ್ ಸ್ಪ್ರೇ ಬಳಸಿ. ತೆರೆದಾಗ ಸಲೀಸಾಗಿ ತಿರುಗಿ ಮುಚ್ಚಿದಾಗ ಮಾತ್ರ ಬಿಗಿಯುತ್ತಿದ್ದರೆ ಜೋಡಿ ಗಾಜಿನ ಭಾರಕ್ಕೆ ಬಾಗಿಲು ಜೋತುಬಿದ್ದಿದೆ. ಅದಕ್ಕೆ ಎಣ್ಣೆ ಮದ್ದಲ್ಲ. ಬಾಗಿಲನ್ನು ಹಿಡಿದಿರುವ ಉಕ್ಕಿನ ತೋಳಿನ ತಿರುಪುಗಳನ್ನು ಬಿಗಿಗೊಳಿಸಿ, ಗಾಜಿನ ಸುತ್ತಲಿನ ಪ್ಲಾಸ್ಟಿಕ್ ಬಿಲ್ಲೆಗಳನ್ನು ತೋಳಿನ ಕಡೆಯ ಕೆಳಮೂಲೆಯಲ್ಲೂ ಅದಕ್ಕೆದುರಾದ ಮೇಲ್ಮೂಲೆಯಲ್ಲೂ ಹೊಂದಿಸಿ ಬಾಗಿಲನ್ನು ಮೇಲೆತ್ತಿಸಬೇಕು. ಬಲವಂತದಿಂದ ಹಿಡಿ ತಿರುಗಿಸುತ್ತಿದ್ದರೆ ಒಳಗಿನ ಬೀಗ ಮುರಿಯುತ್ತದೆ.

ಪ್ರಶ್ನೆ: ಮಧುಗಿರಿ ತಾಲ್ಲೂಕಿನಲ್ಲಿರುವ ನಮ್ಮ ಅಜ್ಜನ ಕಾಲದ ಮನೆಯಲ್ಲಿ ಹಲಸಿನ ಮರದ ಕಿಟಕಿಗಳಿವೆ, ಒಂಟಿ ಗಾಜು, ಕಬ್ಬಿಣದ ಸರಳು. ಅದೇ ಮರದ ಬಾಗಿಲುಗಳಿಗೆ ಜೋಡಿ ಗಾಜು ಕೂರಿಸಬಹುದೇ? ಕಿಟಕಿ ಬದಲಿಸಲು ಮನಸ್ಸಿಲ್ಲ.
ಮಧುಗಿರಿ ಮೂಲದವರು, ಈಗ ತುಮಕೂರು ವಾಸಿ

ಉತ್ತರ: ಆ ಕಿಟಕಿಗಳನ್ನು ಬದಲಿಸಬೇಡಿ, ಅವುಗಳಿಗೆ ಜೋಡಿ ಗಾಜನ್ನೂ ಕೂರಿಸಬೇಡಿ. ಹಳೆಯ ಬಾಗಿಲಿನಲ್ಲಿ ಗಾಜು ಕೂರಲು ಮರದಲ್ಲಿ ಕೊರೆದಿರುವ ಜಾಗ ಸಾಮಾನ್ಯವಾಗಿ ಅರ್ಧ ಅಂಗುಲದ ಆಸುಪಾಸು. 5-12-5ರ ಜೋಡಿಯೇ 22 ಮಿ.ಮೀ., ಅದರ ಮೇಲೆ ಪಟ್ಟಿ ಬೇರೆ. ಜಾಗಕ್ಕಾಗಿ ಮರವನ್ನು ಇನ್ನಷ್ಟು ಕೊರೆದರೆ ಕೀಲುಗಳು ಸಡಿಲವಾಗುತ್ತವೆ. ಈಗಿರುವುದು 4 ಮಿ.ಮೀ. ಗಾಜಾದರೆ ಚದರ ಮೀಟರಿಗೆ 10 ಕಿಲೋ ಇದ್ದ ಭಾರ 25 ಕಿಲೋ ಆಗಿ ಹಳೆಯ ತಿರುಗಣಿಗಳು ತಾಳಲಾರವು. ಅಗಸೆ ಎಣ್ಣೆಯಲ್ಲಿ ಕಲಸಿದ ಹಳೆಯ ಪುಟ್ಟಿಯ ಎಣ್ಣೆ ಜೋಡಿ ಗಾಜಿನ ಅಂಚಿನ ಅಂಟನ್ನು ಕರಗಿಸುತ್ತದೆ ಎಂಬುದನ್ನು ಬಡಗಿಗಳಲ್ಲಿ ಎಲ್ಲರೂ ಬಲ್ಲವರಲ್ಲ.

ಹಳೆಯ ಮನೆಯ ಗೋಡೆ ಒಂದೂವರೆ ಅಡಿಯಷ್ಟು ದಪ್ಪವಿದ್ದರೆ ನಿಮಗೆ ಒಂದು ಅನುಕೂಲವಿದೆ. ಮರದ ಕಿಟಕಿಯನ್ನು ಹಾಗೆಯೇ ಹೊರಗಿಟ್ಟು, ಗೋಡೆಯ ಒಳಬದಿಯಲ್ಲಿ ತೆಳು ಚೌಕಟ್ಟಿನ ಒಂಟಿ ಗಾಜಿನ ಬಾಗಿಲನ್ನು ಪ್ರತ್ಯೇಕವಾಗಿ ಕೂರಿಸಿ. ಒಳಗಿನ ಬಾಗಿಲಿಗೆ ರಬ್ಬರ್ ಬಿಗಿಯಾಗಿರಲಿ, ಹೊರಗಿನ ಮರದ ಕಿಟಕಿ ಸ್ವಲ್ಪ ಗಾಳಿಯಾಡುವಂತೆ ಇರಲಿ, ಆಗ ನಡುವೆ ತೇವ ನಿಲ್ಲುವುದಿಲ್ಲ. ಎರಡನ್ನೂ ತೆರೆಯಲು ಬರುವುದರಿಂದ ಒರೆಸುವುದು ಸುಲಭ, ಅಂಟು ಬಿಡುವ ಪ್ರಶ್ನೆಯೇ ಇಲ್ಲ. ಮರಕ್ಕೆ ವರ್ಷಕ್ಕೊಮ್ಮೆ ಬೇಸಿಗೆಯಲ್ಲಿ ಎಣ್ಣೆ ಹಚ್ಚುವಾಗ ಕಬ್ಬಿಣದ ಸರಳು ಮರದೊಳಗೆ ಇಳಿಯುವ ಕೆಳಗಿನ ತೂತುಗಳನ್ನು ಗಮನಿಸಿ. ಮಳೆನೀರು ಅಲ್ಲಿ ಇಂಗಿ ಮರ ಮೆತ್ತಗಾಗಿದ್ದರೆ ಗಾಜಿನ ಕೆಲಸಕ್ಕೂ ಮುಂಚೆ ಆ ಭಾಗವನ್ನು ಬಡಗಿಯಿಂದ ಕಟ್ಟಿಸಿಕೊಳ್ಳಿ.